ಹಿಮ್ಮಡಿ ನೋವಿನ ಜೊತೆಗೆ ಸಕ್ಕರೆ ಕಾಯಿಲೆಯೂ ಇರುವ ತಂದೆಯವರಿಗೆ ಎಂಥ ಸ್ಯಾಂಡಲ್ ಕೊಡಿಸಬೇಕು?

ಪ್ರಶ್ನೆ ಕೇಳಿದವರು: ಗುಮ್ಮಟನಗರಿ

ಬಲ್ಲವರಿಗೆಲ್ಲ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 71 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕುರ್ಚಿಯಲ್ಲಿ ಕುಳಿತು ಹೇಳುವ ಪಾಠವನ್ನು ಅವರು ಪಾಠವೆಂದೇ ಎಣಿಸಿದವರಲ್ಲ. ತಾಯಿಯವರೊಂದಿಗೆ ವಿಜಯಪುರದಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಕಳೆದ ದೀಪಾವಳಿಯಿಂದೀಚೆಗೆ ಅವರಿಗೆ ಬಲಗಾಲಿನ ಹಿಮ್ಮಡಿ ನೋಯುತ್ತಿದೆ. ಬೆಳಿಗ್ಗೆ ಮಂಚದಿಂದಿಳಿದು ಮೊದಲ ಕೆಲವು ಹೆಜ್ಜೆಗಳನ್ನು ಗೋಡೆ ಹಿಡಿದೇ ಇಡುತ್ತಾರೆ. ಸ್ವಲ್ಪ ಓಡಾಡಿದ ಮೇಲೆ ನೋವು ಇಳಿಯುತ್ತದೆ. ಮಧ್ಯಾಹ್ನ ಊಟವಾಗಿ ಒಂದು ಜೊಂಪು ಮಲಗಿ ಎದ್ದರೆ ಮತ್ತೆ ಅದೇ ಪಾಡು. ಎಕ್ಸ್‌ರೇ ತೆಗೆಸಿದಾಗ ಹಿಮ್ಮಡಿಯ ಮೂಳೆಯಲ್ಲಿ ಚಿಕ್ಕದೊಂದು ಮೊನೆ ಬೆಳೆದಿದೆಯೆಂದು ತಿಳಿಯಿತು. ಮೂಳೆ ಡಾಕ್ಟರು ಕೆಲವು ದಿನಗಳಿಗೆ ಮಾತ್ರೆ ಬರೆದುಕೊಟ್ಟು, ಮೆತ್ತಗಿನ ಚಪ್ಪಲಿ ಹಾಕಿಕೊಳ್ಳಲು ಹೇಳಿ ಕಳುಹಿಸಿದರು.

ಮೆತ್ತಗಿನ ಚಪ್ಪಲಿಯೆಂದರೆ ಯಾವುದು ಎಂಬಲ್ಲಿಯೇ ನಾನು ಸಿಕ್ಕಿಕೊಂಡಿದ್ದೇನೆ. ಆನ್‌ಲೈನ್ ಅಂಗಡಿಗಳಲ್ಲಿ ‘ಆರ್ಥೋ’ ಎಂದು ಹುಡುಕಿದರೆ ಮುನ್ನೂರು ರೂಪಾಯಿಯಿಂದ ಹಿಡಿದು ಹತ್ತು ಸಾವಿರದವರೆಗೆ ನೂರಾರು ಜೋಡಿಗಳು ಬರುತ್ತವೆ. ಎಲ್ಲವುಗಳ ಮೇಲೂ ಡಾಕ್ಟರು ಶಿಫಾರಸು ಮಾಡಿದ್ದೆಂಬ ಒಕ್ಕಣೆ ಇದ್ದೇ ಇರುತ್ತದೆ. ತಂದೆಯವರು ಬದುಕಿನುದ್ದಕ್ಕೂ ನಿಪ್ಪಾಣಿ ಕಡೆಯ ಚರ್ಮದ ಚಪ್ಪಲಿಯನ್ನೇ ಮೆಟ್ಟಿದವರು, ಹೆಬ್ಬೆರಳಿಗೆ ಉಂಗುರವಿರುವ ಕೊಲ್ಹಾಪುರಿ ಬಗೆಯದು. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುವುದರಿಂದ ಬೂಟಿನ ಮಾತನ್ನು ಅವರು ಕಿವಿಯ ಮೇಲೆಯೇ ಹಾಕಿಕೊಳ್ಳುವುದಿಲ್ಲ. ಮನೆಯೊಳಗೆ ಚಪ್ಪಲಿ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ನೆಲಕ್ಕೆಲ್ಲ ಟೈಲ್ಸ್ ಹಾಕಿಸಿದ್ದೇವೆ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು ಮಾತ್ರೆಯಲ್ಲಿ ಹಿಡಿತದಲ್ಲಿದೆ. ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂರುವುದು ಅವರ ಸದ್ಯದ ಉಪಚಾರ. ಸೋದರಮಾವನವರು ಅಕ್ಯುಪ್ರೆಶರ್ ಚಪ್ಪಲಿಯೊಂದನ್ನು ತಂದುಕೊಟ್ಟಿದ್ದಾರೆ, ಒಳಗೆಲ್ಲ ಗುಬುಟು ಗುಬುಟು ಇರುವಂಥದ್ದು, ಅದನ್ನು ಹಾಕಬಹುದೇ? ಅಂಗಾಲಿನ ಕಮಾನಿಗೆ ಆಧಾರ ಕೊಡುವ ಗಟ್ಟಿ ಸ್ಯಾಂಡಲ್ ಬೇಕೋ, ಕಾಲು ಹುದುಗುವಷ್ಟು ಮೆತ್ತಗಿನದು ಬೇಕೋ? ಚರ್ಮದ ಚಪ್ಪಲಿಯನ್ನು ಬಿಡಲೇಬೇಕೇ? ಬಿಡಬೇಕೆಂದರೆ ಅವರನ್ನು ಒಪ್ಪಿಸುವ ಹೊಣೆಯೂ ನನ್ನದೇ ಆಗುತ್ತದೆಯಾದ್ದರಿಂದ ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಪಾದಪಾಲಕ

ಆಸ್ಪತ್ರೆಯೊಂದರಲ್ಲಿ ಕೃತಕ ಅಂಗಗಳನ್ನೂ ಕಾಲಿಗೆ ಆಧಾರ ಕೊಡುವ ಸಾಧನಗಳನ್ನೂ ತಯಾರಿಸುವ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನೀವು ಕಡೆಯಲ್ಲಿ ಹೇಳಿದ ಸಕ್ಕರೆ ಕಾಯಿಲೆಯಿಂದಲೇ ನಾನು ಆರಂಭಿಸಬೇಕಾಗಿದೆ, ಏಕೆಂದರೆ ಉಳಿದೆಲ್ಲ ಪ್ರಶ್ನೆಗಳ ಉತ್ತರ ಅದರ ಮೇಲೆ ನಿಂತಿದೆ. ಹಲವು ವರ್ಷ ಸಕ್ಕರೆ ಕಾಯಿಲೆಯಿದ್ದವರಲ್ಲಿ ಪಾದದ ನರಗಳು ನಿಧಾನವಾಗಿ ಮಂದವಾಗುವುದುಂಟು. ಹಿಮ್ಮಡಿಯ ನೋವು ಗೊತ್ತಾಗುತ್ತಿದೆಯೆಂಬ ಮಾತ್ರಕ್ಕೆ ಬೆರಳುಗಳಿಗೂ ಸ್ಪರ್ಶ ಸರಿಯಾಗಿದೆಯೆಂದು ತಿಳಿಯಬಾರದು. ನರಗಳ ಹಾನಿ ಬೆರಳ ತುದಿಯಿಂದ ಮೊದಲಾಗಿ ಮೇಲಕ್ಕೇರುವಂಥದ್ದು. ಆದ್ದರಿಂದ ಸ್ಯಾಂಡಲ್ ಕೊಳ್ಳುವ ಮೊದಲು ತಂದೆಯವರ ಕಾಲಿಗೆ ಸ್ಪರ್ಶ ಎಷ್ಟಿದೆಯೆಂದು ನೋಡಿಸಿರಿ.

ಆಸ್ಪತ್ರೆಯಲ್ಲಿ ಇದನ್ನು ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ನೋಡುತ್ತಾರೆ. ಅದು ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುವಂತೆ ತಯಾರಾಗಿರುತ್ತದೆ. ಕಣ್ಣು ಮುಚ್ಚಿಸಿ, ಹೆಬ್ಬೆರಳು ಮತ್ತು ಬೆರಳುಗಳ ಬುಡದ ಕೆಳಭಾಗಕ್ಕೆ ಅದನ್ನು ತಾಗಿಸಿ, ಗೊತ್ತಾಯಿತೇ ಎಂದು ಕೇಳುತ್ತಾರೆ. ಅಲ್ಲಿಯವರೆಗೆ ಮನೆಯಲ್ಲಿ ನಿಮ್ಮ ತಾಯಿಯವರೇ ಒಂದು ಸರಳ ಪರೀಕ್ಷೆ ಮಾಡಬಹುದು. ತಂದೆಯವರು ಕಣ್ಣು ಮುಚ್ಚಿ ಮಲಗಿರಲಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಹಗುರವಾಗಿ, ಒತ್ತದೆ, ಒಂದೆರಡು ಕ್ಷಣ ಮುಟ್ಟಬೇಕು. ಆರು ಕಡೆಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಮುಟ್ಟಿದ್ದು ತಿಳಿಯದಿದ್ದರೆ ಸ್ಪರ್ಶ ಕುಂದಿದೆಯೆಂದೇ ಭಾವಿಸಿ ವೈದ್ಯರಿಗೆ ತೋರಿಸಬೇಕು.

ಈ ಫಲಿತಾಂಶ ಬರುವವರೆಗೆ ಎರಡನ್ನು ನಿಲ್ಲಿಸಿರಿ. ಮೊದಲನೆಯದು ಬಿಸಿನೀರಿನ ಉಪಚಾರ. ಸ್ಪರ್ಶ ಮಂದವಾದ ಕಾಲು ನೀರಿನ ಬಿಸಿಯನ್ನು ಸರಿಯಾಗಿ ಹೇಳುವುದಿಲ್ಲ. ಬೊಬ್ಬೆಯೆದ್ದ ಮೇಲೆಯೇ ಸುಟ್ಟದ್ದು ತಿಳಿಯುತ್ತದೆ. ಎರಡನೆಯದು ಸೋದರಮಾವನವರು ತಂದ ಚಪ್ಪಲಿ. ಆ ಗುಬುಟುಗಳು ಪಾದದ ಭಾರವನ್ನೆಲ್ಲ ಕೆಲವೇ ಬಿಂದುಗಳ ಮೇಲೆ ಹೇರುತ್ತವೆ, ನಮ್ಮ ಕೆಲಸವೋ ಭಾರವನ್ನು ಹರಡುವುದು. ಸಕ್ಕರೆ ಕಾಯಿಲೆಯಿರುವವರಿಗೆ ಅದನ್ನು ಉಡುಗೊರೆಯಾಗಿ ಕೊಡುವುದು ಎಷ್ಟು ರೂಢಿಯಾಗಿದೆಯೆಂದರೆ, ಅಂಥ ಜೋಡಿಯನ್ನು ಧರಿಸಿಯೇ ನಮ್ಮ ವಿಭಾಗಕ್ಕೆ ಬರುವವರೂ ಇದ್ದಾರೆ.

ಇನ್ನು ಹಿಮ್ಮಡಿಯ ವಿಚಾರ. ಬೆಳಗಿನ ಮೊದಲ ಹೆಜ್ಜೆಗೆ ಹೆಚ್ಚಿದ್ದು, ನಡೆದಂತೆ ಇಳಿದು, ಕುಳಿತೆದ್ದಾಗ ಮರಳುವ ನೋವು ಬಹುಮಟ್ಟಿಗೆ ಪ್ಲಾಂಟರ್ ಫೇಶಿಯೈಟಿಸ್‌ನ ಲಕ್ಷಣ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ದಪ್ಪನೆಯ ತಂತುಪಟ್ಟಿಯೊಂದಿದೆ. ಬಿಲ್ಲಿಗೆ ಹೆದೆ ಇದ್ದಂತೆ ಅದು ಪಾದದ ಕಮಾನನ್ನು ಬಿಗಿದು ಹಿಡಿದಿರುತ್ತದೆ. ಅದು ಹಿಮ್ಮಡಿಗೆ ಅಂಟಿಕೊಳ್ಳುವ ಜಾಗದಲ್ಲಿ ಸವೆದು ನೋಯುತ್ತದೆ. ಎಕ್ಸ್‌ರೇಯಲ್ಲಿ ಕಂಡ ಮೊನೆಯ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಒಂದಿಷ್ಟೂ ನೋವಿಲ್ಲದ ಅನೇಕ ಹಿರಿಯರ ಹಿಮ್ಮಡಿಯಲ್ಲಿಯೂ ಅಂಥ ಮೊನೆ ಇರುತ್ತದೆ. ಇದರ ಜೊತೆಗೆ ವಯಸ್ಸಾದಂತೆ ಹಿಮ್ಮಡಿಯ ಕೆಳಗಿನ ಕೊಬ್ಬಿನ ಮೆತ್ತೆ ತೆಳ್ಳಗಾಗುವುದೂ ಉಂಟು. ಅಂಥವರಿಗೆ ಹಿಮ್ಮಡಿಯ ನಟ್ಟನಡುವೆ ನೋವು, ಗಟ್ಟಿ ನೆಲದ ಮೇಲೆ ನಿಂತಷ್ಟೂ ಹೆಚ್ಚುತ್ತದೆ. ಮೊದಲನೆಯದರಲ್ಲಿ ನೋವಿನ ಜಾಗ ಹಿಮ್ಮಡಿಯ ಒಳಮಗ್ಗುಲಿಗೆ, ಸ್ವಲ್ಪ ಮುಂದಕ್ಕೆ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿದರೆ ವ್ಯತ್ಯಾಸ ಸಾಮಾನ್ಯವಾಗಿ ತಿಳಿಯುತ್ತದೆ.

ಗಟ್ಟಿಯೋ ಮೆತ್ತಗೋ ಎಂದು ಕೇಳಿದ್ದೀರಿ. ಮೇಲಿನ ಪದರ ಮೆತ್ತಗಿರಬೇಕು, ಕೆಳಗಿನ ಅಟ್ಟೆ ಗಟ್ಟಿಯಾಗಿರಬೇಕು. ಕಾಲಿಟ್ಟರೆ ಹುದುಗಿಹೋಗುವ ದಪ್ಪ ಫೋಮಿನ ಚಪ್ಪಲಿ ಅಂಗಡಿಯಲ್ಲಿ ಹಿತವೆನಿಸುತ್ತದೆ. ಆದರೆ ಅಂಥ ಮೆತ್ತನೆಯ ದಪ್ಪ ಅಟ್ಟೆಯಲ್ಲಿ ವಯಸ್ಸಾದವರಿಗೆ ತಮ್ಮ ಪಾದ ಯಾವ ಕೋನದಲ್ಲಿದೆಯೆಂಬ ಅರಿವು ಕಡಿಮೆಯಾಗಿ ತೋಲ ತಪ್ಪುವ ಸಂಭವ ಹೆಚ್ಚುತ್ತದೆಂದು ಹಿರಿಯರ ಮೇಲೆ ನಡೆದ ಅಧ್ಯಯನಗಳೇ ತೋರಿಸಿವೆ. ಹಿಮ್ಮಡಿ ನೋವಿಗೆಂದು ಕೊಂಡ ಚಪ್ಪಲಿ ಸೊಂಟದ ಮೂಳೆಗೆ ಅಪಾಯ ತರಬಾರದಲ್ಲ!

‘ಆರ್ಥೋ’ ಎಂಬ ಪದವನ್ನು ಪೆಟ್ಟಿಗೆಯ ಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅದನ್ನು ಓದುವುದಕ್ಕಿಂತ ಅಂಗಡಿಯಲ್ಲಿ ಸ್ಯಾಂಡಲನ್ನು ಕೈಗೆ ತೆಗೆದುಕೊಂಡು ನೋಡಿರಿ. ತುದಿ ಮತ್ತು ಹಿಮ್ಮಡಿಯನ್ನು ಎರಡು ಕೈಗಳಲ್ಲಿ ಹಿಡಿದು ಬಾಗಿಸಿದರೆ ಬೆರಳುಗಳ ಬುಡ ಬರುವ ಜಾಗದಲ್ಲಿ ಮಾತ್ರ ಬಾಗಬೇಕು. ನಡುವಿನಲ್ಲಿಯೇ ಮಡಚಿಕೊಂಡರೆ ಅದು ಕಮಾನಿಗೆ ಯಾವ ಆಧಾರವನ್ನೂ ಕೊಡುವುದಿಲ್ಲ. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದಾಗ ಸುಲಭವಾಗಿ ಸುತ್ತಿಕೊಳ್ಳಬಾರದು. ಹಿಮ್ಮಡಿಯ ಜಾಗದಲ್ಲಿ ಬಟ್ಟಲಿನಷ್ಟು ತಗ್ಗಿದ್ದು, ಅದರ ಅಂಚು ಕೊಬ್ಬಿನ ಮೆತ್ತೆ ಪಕ್ಕಕ್ಕೆ ಹರಡದಂತೆ ಹಿಡಿಯಬೇಕು. ಹಿಮ್ಮಡಿ ಬೆರಳುಗಳಿಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರವಿದ್ದರೆ ತಂತುಪಟ್ಟಿಗೂ ಮೀನಖಂಡಕ್ಕೂ ಬಿಗಿತ ಕಡಿಮೆ. ಒಟ್ಟು ಎತ್ತರ ಎರಡೂವರೆ ಸೆಂಟಿಮೀಟರ್ ಮೀರುವುದು ಈ ವಯಸ್ಸಿಗೆ ಬೇಡ. ಹಿಂಭಾಗದಲ್ಲಿ ಪಟ್ಟಿ ಇರಲೇಬೇಕು. ಪಟ್ಟಿಯಿಲ್ಲದ ಚಪ್ಪಲಿ ಜಾರದಿರಲೆಂದು ಪ್ರತಿ ಹೆಜ್ಜೆಗೂ ಬೆರಳುಗಳನ್ನು ಮಡಚಿ ಹಿಡಿಯಬೇಕಾಗುತ್ತದೆ, ಅದು ನೋವಿರುವ ಅಂಗಾಲಿಗೆ ದಿನವಿಡೀ ದುಡಿಮೆ. ಸಂಜೆಯ ಹೊತ್ತಿಗೆ ಕಾಲು ಸ್ವಲ್ಪ ಊದಿರುವುದರಿಂದ ಸಂಜೆಯೇ ಹೋಗಿ, ನಿಂತುಕೊಂಡು ಅಳತೆ ನೋಡಿಸಿರಿ. ಉದ್ದನೆಯ ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು.

ಸಾವಿರಾರು ರೂಪಾಯಿ ಕೊಟ್ಟು ಕಾಲಿನ ಅಚ್ಚು ತೆಗೆಸಿ ಇನ್‌ಸೋಲ್ ಮಾಡಿಸಬೇಕೆಂದು ಯಾರಾದರೂ ಹೇಳಿದರೆ ಅವಸರಪಡಬೇಡಿರಿ. ಬರಿಯ ಹಿಮ್ಮಡಿ ನೋವಿಗೆ ಸಿದ್ಧ ಇನ್‌ಸೋಲುಗಳೂ ಹೆಚ್ಚುಕಡಿಮೆ ಅಷ್ಟೇ ಗುಣ ಕೊಡುತ್ತವೆ. ಸ್ಪರ್ಶ ಕುಂದಿ, ಬೆರಳುಗಳ ಆಕಾರವೂ ಕೆಟ್ಟಿದ್ದರೆ ಲೆಕ್ಕ ಬೇರೆ.

ಸ್ಯಾಂಡಲ್ ಒಂದೇ ಸಾಲದು. ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲೇ ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕೈಯಿಂದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿದು ಬಿಡಬೇಕು; ಹೀಗೆ ಹತ್ತು ಸಲ. ಹಗಲಿನಲ್ಲಿ ಗೋಡೆಗೆ ಕೈಕೊಟ್ಟು ನಿಂತು ಮೀನಖಂಡವನ್ನು ಹಿಗ್ಗಿಸಬೇಕು. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ವರ್ಷದೊಳಗೆ ಗುಣವಾಗುತ್ತದೆ. ಆದರೆ ಅದು ವಾರದ ಮಾತಲ್ಲವೆಂದು ಮೊದಲೇ ತಿಳಿಸಿಟ್ಟರೆ ಅವರು ಬೇಸತ್ತು ಬಿಡುವುದು ತಪ್ಪುತ್ತದೆ. ಹೆಬ್ಬೆರಳಿನ ಬುಡ ಇದ್ದಕ್ಕಿದ್ದಂತೆ ಕೆಂಪಾಗಿ ಊದಿದರೆ ಯೂರಿಕ್ ಆಮ್ಲದ ತೊಂದರೆಯಿರಬಹುದು, ಸ್ವಲ್ಪ ದೂರ ನಡೆದೊಡನೆ ಮೀನಖಂಡ ಹಿಡಿದುಕೊಂಡು ನಿಂತೊಡನೆ ಬಿಡುತ್ತಿದ್ದರೆ ರಕ್ತನಾಳದ ತೊಂದರೆಯಿರಬಹುದು. ಇವೆರಡಕ್ಕೂ ಯಾವ ಸ್ಯಾಂಡಲೂ ಮದ್ದಲ್ಲ.

ಉತ್ತರ 2: ಕಡಲತಡಿ

ಮೇಲಿನವರು ಶಾಸ್ತ್ರವನ್ನೆಲ್ಲ ಹೇಳಿದ್ದಾರೆ. ನಾನು ನಿಮ್ಮ ತಂದೆಯವರ ಓರಗೆಯವನು, ಉಡುಪಿ ಕಡೆಯವನು, ಹಿಮ್ಮಡಿ ನೋವಿನ ಹಳೆಯ ಗಿರಾಕಿ. ಬಳಸುವವನ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಮೊದಲಿಗೆ ಮನೆಯೊಳಗಿನ ವಿಷಯ. ನಿವೃತ್ತರಾದವರು ದಿನದ ಹೆಚ್ಚು ಹೊತ್ತು ಕಳೆಯುವುದು ಮನೆಯಲ್ಲಿಯೇ, ಟೈಲ್ಸಿನಷ್ಟು ಗಟ್ಟಿಯಾದ ನೆಲ ಬೇರೊಂದಿಲ್ಲ. ಹೊರಗೆ ಹೋಗುವ ಅರ್ಧ ತಾಸಿಗೆ ದುಬಾರಿ ಸ್ಯಾಂಡಲ್ ಹಾಕಿ, ಉಳಿದ ಹೊತ್ತೆಲ್ಲ ಬರಿಗಾಲಿನಲ್ಲಿ ಓಡಾಡಿದರೆ ಕೊಟ್ಟ ದುಡ್ಡು ದಂಡ. ನಮ್ಮ ಮನೆಯಲ್ಲಿಯೂ ಚಪ್ಪಲಿ ಹೊಸ್ತಿಲು ದಾಟುತ್ತಿರಲಿಲ್ಲ. ಅಂಗಡಿಯಿಂದ ನೇರ ಒಳಗೆ ಬಂದು, ಬೀದಿಯ ಧೂಳನ್ನು ಎಂದೂ ಮುಟ್ಟದ ಒಂದು ಜೋಡಿಯನ್ನು ಮನೆಗೆಂದೇ ಇಟ್ಟುಕೊಳ್ಳುವುದಾದರೆ ಅದಕ್ಕೆ ಮೈಲಿಗೆಯ ಮಾತು ಬರುವುದಿಲ್ಲವೆಂದು ನನ್ನ ಮನೆಯಾಕೆಯೇ ತೀರ್ಮಾನ ಕೊಟ್ಟಳು. ದೇವರಕೋಣೆಯ ಹೊರಗೆ ಬಿಡುತ್ತೇನೆ, ಉಳಿದ ಕಡೆ ಅದು ಕಾಲಿನಲ್ಲಿಯೇ ಇರುತ್ತದೆ. ರಾತ್ರಿ ಮಂಚದ ಪಕ್ಕ, ಕಾಲು ಇಳಿಬಿಟ್ಟೊಡನೆ ಸಿಗುವಲ್ಲಿ ಇಡಬೇಕು. ಬೆಳಗಿನ ಮೊದಲ ಹೆಜ್ಜೆಯೇ ಅದರ ಮೇಲೆ ಬೀಳಬೇಕು. ಬಚ್ಚಲಿಗೆ ಮಾತ್ರ ಬೇರೆಯದು ಇರಲಿ, ಒದ್ದೆಯಾದ ಅಟ್ಟೆಯಲ್ಲಿ ಟೈಲ್ಸಿನ ಮೇಲೆ ಬಂದರೆ ಜಾರುವುದು ಖಂಡಿತ.

ಎರಡನೆಯದಾಗಿ, ಕೊಳ್ಳುವಾಗ ತಂದೆಯವರ ಕೈಗಳನ್ನೂ ಗಮನಿಸಿರಿ. ಸಣ್ಣ ಬಕಲ್ಲಿನ ಮುಳ್ಳನ್ನು ತೂತಿಗೆ ಕೂಡಿಸುವುದು ಎಪ್ಪತ್ತರ ಬೆರಳುಗಳಿಗೆ ಕಷ್ಟ. ಎರಡು ದಿನ ಒದ್ದಾಡಿ, ಮೂರನೆಯ ದಿನ ಹಿಂದಿನ ಪಟ್ಟಿಯನ್ನು ಹಿಮ್ಮಡಿಯ ಕೆಳಗೆ ತುಳಿದುಕೊಂಡು ನಡೆಯತೊಡಗುತ್ತಾರೆ; ಆಮೇಲೆ ಅದು ಹಿಂಪಟ್ಟಿಯಿಲ್ಲದ ಚಪ್ಪಲಿಗಿಂತ ಹೆಚ್ಚು ಅಪಾಯಕಾರಿ. ವೆಲ್ಕ್ರೋ ಪಟ್ಟಿಯೇ ಸರಿ. ಅದರಲ್ಲಿ ಕೂದಲು, ನೂಲು ಸಿಕ್ಕಿಕೊಂಡು ಹಿಡಿತ ಸಡಿಲವಾದಾಗ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದರೆ ಮತ್ತೆ ಹಿಡಿಯುತ್ತದೆ.

ಇನ್ನೊಂದು ಎಚ್ಚರಿಕೆ, ರಿಯಾಯಿತಿ ಮಾರಾಟದಲ್ಲಿ ಎರಡು ಜೋಡಿ ಕೊಂಡು ಒಂದನ್ನು ಎತ್ತಿಡುವ ನಮ್ಮಂಥವರಿಗಾಗಿ. ಪಿಯು, ಅಂದರೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆಯ ಸ್ಯಾಂಡಲ್‌ಗಳನ್ನು ಬಳಸದೆ ಇಟ್ಟರೂ ಗಾಳಿಯ ತೇವಕ್ಕೆ ಒಳಗಿಂದೊಳಗೇ ಹಾಳಾಗುತ್ತವೆ. ಹೊಳೆಯುವ ಹೊಸ ಜೋಡಿಯನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡು ಹೊರಟರೆ ಅಟ್ಟೆ ಹೆಂಟೆ ಹೆಂಟೆಯಾಗಿ ಒಡೆದು ದಾರಿಯುದ್ದಕ್ಕೂ ಉದುರುತ್ತದೆ. ಕರಾವಳಿಯಲ್ಲಿ ಇದು ಬೇಗ, ನಿಮ್ಮ ಒಣಹವೆಯಲ್ಲಿ ನಿಧಾನ. ಇವಿಎ ಎಂಬ ಹಗುರ ಫೋಮಿನ ಅಟ್ಟೆಗೆ ಈ ರೋಗವಿಲ್ಲ, ಆದರೆ ಅದು ಬೇಗ ಚಪ್ಪಟೆಯಾಗುತ್ತದೆ. ಬಿರ್ಕೆನ್‌ಸ್ಟಾಕ್ ಎಂಬ ಜರ್ಮನ್ ಕಂಪನಿಯ ಬಗೆಯ ಕಾರ್ಕಿನ ಹಾಸು ಕಾಲಿನ ಆಕಾರಕ್ಕೆ ಚೆನ್ನಾಗಿ ಒಗ್ಗಿಕೊಳ್ಳುತ್ತದೆ. ನಮ್ಮ ಮಳೆಗಾಲಕ್ಕೆ ಅದು ಆಗಿಬರುವುದಿಲ್ಲ, ವಿಜಯಪುರಕ್ಕೆ ತಕ್ಕುದಾಗಿರಬಹುದು. ಕಾಲು ತೊಳೆದು ಒದ್ದೆಯಲ್ಲಿಯೇ ಮೆಟ್ಟುವ ಅಭ್ಯಾಸ ಅವರಿಗಿದ್ದರೆ ಅದೂ ಬೇಡ.

ಉತ್ತರ 3: ನಿಪ್ಪಾಣಿ ಚರ್ಮಕಲೆ

ಮಾಸ್ತರರು ನಮ್ಮ ಕಡೆಯ ಚಪ್ಪಲಿಯನ್ನು ಇಷ್ಟು ವರ್ಷ ಮೆಟ್ಟಿದ್ದಾರೆಂದು ಓದಿ ಸಂತೋಷವಾಯಿತು. ನಮ್ಮ ಮನೆತನ ಇದೇ ಕಸುಬಿನದು. ಕೊಲ್ಹಾಪುರಿ ಎಂಬ ಹೆಸರಿದ್ದರೂ 2019ರಲ್ಲಿ ದೊರೆತ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಅಂದರೆ ಮಾಸ್ತರರ ಸ್ವಂತ ಜಿಲ್ಲೆಯೂ ಇದರಲ್ಲಿ ಪಾಲುದಾರ.

ಆದರೆ ಕಸುಬಿನ ಅಭಿಮಾನದಿಂದ ಸುಳ್ಳು ಹೇಳಲಾರೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ಎಮ್ಮೆಯ ಚರ್ಮದ ಅಟ್ಟೆ ದಿನ ಕಳೆದಂತೆ ಮೆಟ್ಟಿದವರ ಕಾಲಿನ ಗುರುತನ್ನು ತಳೆಯುತ್ತದೆ, ಬೆವರನ್ನು ಹೀರುತ್ತದೆ, ಬೇಸಿಗೆಯಲ್ಲಿ ಕಾಲನ್ನು ಬೇಯಿಸುವುದಿಲ್ಲ. ಇವು ಅದರ ಗುಣಗಳು. ಕಮಾನಿಗೆ ಉಬ್ಬು, ಹಿಮ್ಮಡಿಗೆ ತಗ್ಗು, ಬಡಿತವನ್ನು ತಡೆಯುವ ಮೆತ್ತೆ ಇವು ಮೂರೂ ಅದರಲ್ಲಿಲ್ಲ. ಆರೋಗ್ಯವಾದ ಕಾಲು ಅವಿಲ್ಲದೆ ನಡೆಯುತ್ತದೆ, ನೋವು ಬಂದ ಕಾಲು ಕೇಳುತ್ತದೆ.

ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಹಾಳೆಯನ್ನು ಸೇರಿಸಿ ಹೊಲಿದುಕೊಡುವಿರಾ ಎಂದು ಕೇಳುವವರಿದ್ದಾರೆ. ಮಾಡಬಹುದು, ಆದರೆ ಎಲ್ಲಿ ಸೇರಿಸುತ್ತಾರೆಂದು ಕೇಳಿ ತಿಳಿದುಕೊಳ್ಳಿರಿ. ಎರಡು ಗಟ್ಟಿ ಚರ್ಮಗಳ ನಡುವೆ ಇಟ್ಟರೆ ನೋಟ ಕೆಡುವುದಿಲ್ಲ, ಆದರೆ ಕಾಲಿಗೆ ತಾಗುವುದು ಅದೇ ಗಟ್ಟಿ ಚರ್ಮವಾದ್ದರಿಂದ ಉಪಯೋಗ ಅರ್ಧಕ್ಕರ್ಧ. ಮೇಲುಭಾಗದಲ್ಲಿ ಎಂಸಿಆರ್ ಕೂಡಿಸಿ ಅದರ ಮೇಲೆ ತೆಳ್ಳನೆಯ ಮೃದು ಚರ್ಮ ಹೊದಿಸಿದರೆ ಕಾಲಿಗೆ ಹಿತ. ಆಗ ಕಾಲು ಅಷ್ಟು ಎತ್ತರ ಬರುವುದರಿಂದ ಮೊದಲಿನ ಪಟ್ಟಿ ಕಾಲಿನ ಬೆನ್ನನ್ನು ಒತ್ತುತ್ತದೆ. ಸಿದ್ಧ ಚಪ್ಪಲಿಗೆ ಆಮೇಲೆ ಹಾಳೆ ಅಂಟಿಸುವವರು ಮರೆಯುವುದು ಇದನ್ನೇ. ಹೊಸದಾಗಿ ಹೊಲಿಯುವಾಗಲೇ ಪಟ್ಟಿಯನ್ನು ಉದ್ದ ಬಿಡಿಸಬೇಕು. ಟೈಲ್ಸಿನ ಮೇಲೆ ಚರ್ಮದ ಅಟ್ಟೆ ಜಾರುವುದರಿಂದ ಅಡಿಗೆ ತೆಳ್ಳನೆಯ ರಬ್ಬರು ಹಾಕಿಸುವುದೂ ಒಳ್ಳೆಯದು.

ಹೆಬ್ಬೆರಳಿನ ಉಂಗುರದ ಬಗ್ಗೆ ಮಾತ್ರ ಸಂಧಾನವಿಲ್ಲ. ಹೊಸ ಚಪ್ಪಲಿ ಹೆಬ್ಬೆರಳಿನ ಸಂದಿಯನ್ನು ಕಚ್ಚುತ್ತದೆಂದು ನಮ್ಮ ಕಡೆಯ ಪ್ರತಿಯೊಬ್ಬರಿಗೂ ಗೊತ್ತು. ಎಣ್ಣೆ ಹಚ್ಚಿ, ನಾಲ್ಕು ದಿನ ಸಹಿಸಿ, ಪಳಗಿಸಿಕೊಳ್ಳುತ್ತಾರೆ. ಕಚ್ಚಿದ್ದು ತಿಳಿಯುವ ಕಾಲಿಗೆ ಆ ಮಾತು ಸರಿ. ಮಾಸ್ತರರ ಪರೀಕ್ಷೆಯಲ್ಲಿ ಸ್ಪರ್ಶ ಕಡಿಮೆಯೆಂದು ಬಂದರೆ ಉಂಗುರವಿರುವ ಯಾವ ಚಪ್ಪಲಿಯನ್ನೂ, ನಾನು ಹೊಲಿದದ್ದೇ ಆದರೂ, ಅವರಿಗೆ ಕೊಡಬೇಡಿರಿ.

ಪ್ರಶ್ನೆ ಕೇಳಿದವರು: ಗುಮ್ಮಟನಗರಿ

ಎಲ್ಲರಿಗೂ ಕೃತಜ್ಞತೆಗಳು. ಊರಿಗೆ ಹೋಗಿ ತಂದೆಯವರನ್ನು ಸಕ್ಕರೆ ಕಾಯಿಲೆಯ ವೈದ್ಯರಲ್ಲಿಗೆ ಕರೆದೊಯ್ದಿದ್ದೆ. ನೈಲಾನ್ ಎಳೆಯ ಪರೀಕ್ಷೆಯಲ್ಲಿ ಎರಡೂ ಹೆಬ್ಬೆರಳುಗಳಿಗೆ ಸ್ಪರ್ಶ ತಿಳಿಯಲಿಲ್ಲ. ಬಲಗಾಲಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೂ ತಿಳಿಯಲಿಲ್ಲ, ಅಲ್ಲಿಯೇ ಚರ್ಮ ದಡ್ಡುಗಟ್ಟಿದೆ. ತಮಗೆ ಎಲ್ಲವೂ ಗೊತ್ತಾಗುತ್ತಿದೆಯೆಂದು ತಂದೆಯವರು ವಾದಿಸುತ್ತಲೇ ಇದ್ದರು. ಕಣ್ಣು ತೆರೆಸಿ, ಎಳೆ ಬೆರಳಿಗೆ ತಾಗಿ ಬಾಗಿದ್ದನ್ನು ವೈದ್ಯರು ತೋರಿಸಿದ ಮೇಲೆ ಸುಮ್ಮನಾದರು. ಗಣಿತದವರಿಗೆ ಪ್ರಮಾಣ ಸಿಕ್ಕಿದ ಮೇಲೆ ತಕರಾರಿಲ್ಲ. ರಕ್ತದ ಓಟ ಚೆನ್ನಾಗಿದೆ, ಗಾಯ ಎಲ್ಲಿಯೂ ಇಲ್ಲ. ಎಂಸಿಆರ್ ಸ್ಯಾಂಡಲ್ ಹಾಕಬೇಕೆಂದು ಬರೆದುಕೊಟ್ಟಿದ್ದಾರೆ.

ಉಳಿದಿರುವ ಸಂದೇಹಗಳು ಇವು. ಎಂಸಿಆರ್ ಎಂದು ಬೀದಿಬದಿಯ ಅಂಗಡಿಯಲ್ಲಿ ಸಿಗುವುದೂ ಆಸ್ಪತ್ರೆಯಲ್ಲಿ ಮಾಡಿಕೊಡುವುದೂ ಒಂದೆಯೇ? ಹಿಮ್ಮಡಿ ನೋವಿಗೂ ಅದೇ ಸಾಕೇ? ಮತ್ತೆ, ಅವರು ಪ್ರತಿ ಸೋಮವಾರ ಸಿದ್ದೇಶ್ವರ ಗುಡಿಗೆ ಹೋಗುವುದನ್ನು ಬಿಡುವವರಲ್ಲ. ಅಲ್ಲಿ ಬರಿಗಾಲು ಅನಿವಾರ್ಯ.

ಉತ್ತರ 4: ಪಾದಪಾಲಕ

ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು. ಇನ್ನು ಮುಂದೆ ಸ್ಯಾಂಡಲಿನ ಮೊದಲ ಕೆಲಸ ಗಾಯವಾಗದಂತೆ ಕಾಯುವುದು, ಎರಡನೆಯದು ಹಿಮ್ಮಡಿಯ ನೋವು ಇಳಿಸುವುದು. ಎರಡನ್ನೂ ಒಂದೇ ಜೋಡಿಯಲ್ಲಿ ಸಾಧಿಸಬಹುದು.

ಎಂಸಿಆರ್ ಎಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್, ಒಳಗೆ ಸೂಕ್ಷ್ಮವಾದ ಗಾಳಿಯ ಗುಳ್ಳೆಗಳಿರುವ ರಬ್ಬರು. ನಮ್ಮ ದೇಶದಲ್ಲಿ ಅದು ಬಳಕೆಗೆ ಬಂದದ್ದು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಕಾಲುಗಳನ್ನು ಉಳಿಸುವ ಕೆಲಸದಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1946ರಿಂದ ದುಡಿದ ಡಾ. ಪಾಲ್ ಬ್ರ್ಯಾಂಡ್ ಅವರು, ಆ ರೋಗಿಗಳ ಪಾದ ಕೊಳೆಯುವುದು ರೋಗದಿಂದಲ್ಲ, ನೋವು ತಿಳಿಯದೆ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಎಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯ ಪಾದಕ್ಕೂ ಅದೇ ನಿಯಮ ಅನ್ವಯಿಸುತ್ತದೆ.

ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದೆಲ್ಲ ಎಂಸಿಆರ್ ಅಲ್ಲ, ಕೆಲವು ಬರಿಯ ಫೋಮು. ಒಳಹಾಸನ್ನು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಬಿಡಿರಿ. ಹೆಬ್ಬೆರಳು ಕೆಳಗಿನ ಗಟ್ಟಿ ಅಟ್ಟೆಯನ್ನು ಮುಟ್ಟಿದಂತಾಗಬಾರದು, ಬಿಟ್ಟೊಡನೆ ಗುಳಿ ತುಂಬಿಕೊಳ್ಳಬೇಕು. ತಯಾರಿಕೆಯಲ್ಲಿ ಮೊಳೆ ಬಳಸಿರಬಾರದು, ಅಂಟು ಮತ್ತು ಹೊಲಿಗೆ ಮಾತ್ರ ಇರಬೇಕು, ಏಕೆಂದರೆ ಸವೆದ ಹಾಸಿನಿಂದ ಮೇಲೆದ್ದ ಮೊಳೆಯ ತುದಿ ಅವರ ಹೆಬ್ಬೆರಳಿಗೆ ತಿಳಿಯುವುದೇ ಇಲ್ಲ. ಪಟ್ಟಿಗಳ ಒಳಮಗ್ಗುಲಿಗೆ ಮೃದುವಾದ ಅಸ್ತರಿರಲಿ. ಬೆರಳುಗಳ ಸಂದಿಯಲ್ಲಿ ಏನೂ ಬರಕೂಡದು. ಬಿಸಿಲಿನಲ್ಲಿ ಬಿಟ್ಟರೆ ಅಂಟು ಬಿಡುತ್ತದೆ, ನಿಮ್ಮ ಊರಿನಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು.

ಹಿಮ್ಮಡಿ ನೋವಿಗೆ ಬರಿಯ ಚಪ್ಪಟೆ ಎಂಸಿಆರ್ ಸಾಲುವುದಿಲ್ಲ. ಒಳಹಾಸು ತೆಗೆಯಲು ಬರುವ, ಸ್ವಲ್ಪ ಆಳವಾದ ಸ್ಯಾಂಡಲ್ ಮಾಡಿಸಿದರೆ ಅದರೊಳಗೆ ಕಮಾನಿಗೆ ಮೆಲ್ಲನೆಯ ಆಧಾರವನ್ನೂ ಹಿಮ್ಮಡಿಗೆ ತಗ್ಗನ್ನೂ ರೂಪಿಸಿ ಕೂಡಿಸಬಹುದು. ಹೆಬ್ಬೆರಳಿನ ಬುಡದ ದಡ್ಡಿನ ಭಾರ ಹಗುರವಾಗುವಂತೆ ಅಲ್ಲಿ ಹಾಸನ್ನು ತಗ್ಗಿಸಬೇಕಾಗಬಹುದು. ಹೀಗಾಗಿ ಅಚ್ಚು ತೆಗೆಸುವ ಖರ್ಚು ಈಗ ಸಮಂಜಸವಾಗಿದೆ. ಬೆಂಗಳೂರಿಗೆ ಬಂದಾಗ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರೀಸರ್ಚ್‌ನ ಪಾದ ಚಿಕಿತ್ಸಾ ವಿಭಾಗದಲ್ಲಿಯೋ, ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾದಲ್ಲಿಯೋ ವಿಚಾರಿಸಬಹುದು. ನಿಮ್ಮ ಊರಿನ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿಯೂ ಮೊದಲು ಕೇಳಿ ನೋಡಿರಿ. ಆ ದಡ್ಡನ್ನು ಮನೆಯಲ್ಲಿ ಬ್ಲೇಡಿನಿಂದ ಕೆತ್ತುವುದಾಗಲಿ, ಔಷಧಿ ಅಂಗಡಿಯ ಆಣಿಪಟ್ಟಿ ಅಂಟಿಸುವುದಾಗಲಿ ಕೂಡದು. ಆ ಪಟ್ಟಿಯಲ್ಲಿರುವ ಆಮ್ಲ ದಡ್ಡನ್ನೂ ತಿನ್ನುತ್ತದೆ, ಪಕ್ಕದ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಹಿಮ್ಮಡಿ ನೋವಿಗೆ ಮಂಜುಗಡ್ಡೆಯ ಬಾಟಲಿಯ ಮೇಲೆ ಅಂಗಾಲು ಉರುಳಿಸಬೇಕೆಂದು ಹಲವು ಕಡೆ ಓದುತ್ತೀರಿ, ಅದೂ ಅವರಿಗಲ್ಲ.

ಹೊಸ ಜೋಡಿ ಬಂದ ದಿನ ಮನೆಯಲ್ಲಿಯೇ ಅರ್ಧ ತಾಸು ಮೆಟ್ಟಿಸಿ, ತೆಗೆಸಿ, ಪಾದದ ಎಲ್ಲ ಮಗ್ಗುಲುಗಳನ್ನೂ ತಾಯಿಯವರು ನೋಡಲಿ. ಇಪ್ಪತ್ತು ನಿಮಿಷ ಕಳೆದರೂ ಆರದ ಕೆಂಪು ಗುರುತು ಎಲ್ಲಿಯಾದರೂ ಇದ್ದರೆ ಮೆಟ್ಟುವುದನ್ನು ನಿಲ್ಲಿಸಿ, ಮಾಡಿಕೊಟ್ಟವರಲ್ಲಿಗೆ ಮರಳಿ ಒಯ್ಯಬೇಕು. ಗುರುತಿಲ್ಲದಿದ್ದರೆ ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತ ಹೋಗಬಹುದು. ಮೆಟ್ಟುವ ಮೊದಲು ಪ್ರತಿ ಸಲವೂ ಒಳಗೆ ಕೈಯಾಡಿಸಿ ಹರಳು, ಮುಳ್ಳು ನೋಡುವುದು ರೂಢಿಯಾಗಲಿ. ಎಂಸಿಆರ್ ಹಾಸು ಕಾಲಕ್ರಮದಲ್ಲಿ ಚಪ್ಪಟೆಯಾಗುತ್ತದೆ. ಮೇಲೆ ಹೇಳಿದ ಹೆಬ್ಬೆರಳಿನ ಪರೀಕ್ಷೆಯನ್ನು ಆಗಾಗ ಮಾಡಿ, ಸೋತಾಗ ಹಾಸನ್ನು ಬದಲಿಸಿರಿ. ಮನೆಯೊಳಗಿನ ಜೋಡಿಯ ಬಗ್ಗೆ ಕಡಲತಡಿಯವರು ಹೇಳಿದ್ದು ನಿಮ್ಮ ತಂದೆಯವರಿಗೆ ಈಗ ಎರಡು ಪಟ್ಟು ಅನ್ವಯಿಸುತ್ತದೆ, ಸ್ಪರ್ಶ ಕುಂದಿದವರು ಮನೆಯಲ್ಲಿಯೂ ಬರಿಗಾಲಿನಲ್ಲಿ ನಡೆಯಬಾರದೆಂಬುದು ಈ ಕ್ಷೇತ್ರದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಸ್ಪಷ್ಟ ಮಾತು.

ಗುಡಿಯ ವಿಷಯದಲ್ಲಿ ಬರಿಗಾಲೇ ಬೇಡವೆಂದು ನಾನು ಹೇಳಬೇಕು, ಆದರೆ ಹೇಳಿದರೆ ಮಾಸ್ತರರು ಕೇಳುವುದಿಲ್ಲವೆಂದು ನಿಮ್ಮ ಬರಹದಿಂದಲೇ ತಿಳಿಯುತ್ತದೆ. ಕಲ್ಲು ಕಾಯುವ ಮೊದಲೇ, ಹೊತ್ತು ಮೂಡುವ ವೇಳೆಗೆ ಹೋಗಿಬರಲಿ. ದಪ್ಪನೆಯ ಹತ್ತಿಯ ಕಾಲುಚೀಲಕ್ಕೆ ಗುಡಿಯಲ್ಲಿ ಆಕ್ಷೇಪವಿದೆಯೇ ಎಂದು ಪೂಜಾರಿಗಳನ್ನು ಕೇಳಿರಿ. ಬಿಳಿಯದಾದರೆ ಒಳ್ಳೆಯದು, ಗಾಯವಾಗಿ ರಕ್ತ ಬಂದರೆ ಕಣ್ಣಿಗೆ ಬೀಳುತ್ತದೆ. ಕಾಲುಚೀಲ ಒತ್ತಡವನ್ನೂ ಬಿಸಿಯನ್ನೂ ಪೂರ್ತಿ ತಡೆಯುವುದಿಲ್ಲವಾದ್ದರಿಂದ ಪ್ರದಕ್ಷಿಣೆಗಳನ್ನು ಕಡಿಮೆ ಮಾಡಿಕೊಂಡು, ಚಪ್ಪಲಿಯನ್ನು ಆದಷ್ಟು ಬಾಗಿಲಿಗೆ ಹತ್ತಿರ ಬಿಡಲಿ. ಕಳವಾಗುವ ಭಯಕ್ಕೆ ಹಳೆಯ ಚಪ್ಪಲಿ ಮೆಟ್ಟಿಕೊಂಡು ಹೋಗುವ ಪದ್ಧತಿ ನಮ್ಮಲ್ಲಿದೆ. ಅದು ಬೇಡ, ಒಂದು ಬಟ್ಟೆಯ ಚೀಲ ಕೊಡಿರಿ, ತಾಯಿಯವರು ಹಿಡಿದುಕೊಂಡು ಕುಳಿತಿರಲಿ. ಮನೆಗೆ ಬಂದೊಡನೆ ಅಂಗಾಲನ್ನು ಬೆಳಕಿನಲ್ಲಿ ನೋಡಬೇಕು. ಬಗ್ಗಲಾಗದಿದ್ದರೆ ನೆಲದ ಮೇಲೊಂದು ಕನ್ನಡಿ ಇಟ್ಟು ನೋಡಿಕೊಳ್ಳಬಹುದು.